ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ರಾಜರ ಮುಖಗಳು

ಹಳೆಯ ಅಂಚೆಚೀಟಿ ಕೂಡಿಡುವ ಗೆಳೆಯರಿಗೆ ಏಳನೆಯ ಎಡ್ವರ್ಡ್ ದೊರೆಯ ಗಡ್ಡದ ಮುಖ ಚೆನ್ನಾಗಿ ಗೊತ್ತು. 1906ರಲ್ಲಿ ಬ್ರಿಟಿಷ್ ಸರಕಾರ ಆ ಮುಖದ ಅರ್ಧಾಣೆ ಮತ್ತು ಒಂದಾಣೆ ಚೀಟಿಗಳನ್ನು ಹೊಸ ರೀತಿಯಲ್ಲಿ ಅಚ್ಚು ಹಾಕಿಸಿತು. ಒಂದೇ ಚೀಟಿ ಕಾಗದಕ್ಕೂ ಆಯಿತು, ರಶೀದಿಗೂ ಆಯಿತು. ಅದೇ ವರ್ಷ ಉಡುಪಿಯಲ್ಲಿ ಜನರ ಹಣ ಪಡೆದು ರಶೀದಿ ಕೊಡುವ ಹೊಸದೊಂದು ಕಚೇರಿ ಬಾಗಿಲು ತೆರೆಯಿತು. ಅದರ ಹಿಂದೆ ನಿಂತವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು.

ಆಗ ನಮ್ಮ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಬೇಸಾಯದವರಿಗೂ ಸಣ್ಣ ಅಂಗಡಿಯವರಿಗೂ ಕಷ್ಟಕಾಲದಲ್ಲಿ ಬಡ್ಡಿ ಸಾಲದವರ ಮನೆಯೇ ಗತಿ. ಸಾಹೇಬರಿಗೆ ಆ ಕಷ್ಟವಿರಲಿಲ್ಲ, ಅವರು ಸಿರಿವಂತರು. ಆದರೂ ಬೇರೆ ಬೇರೆ ಸಮುದಾಯದ ಗೆಳೆಯರನ್ನು ಸೇರಿಸಿಕೊಂಡು, 5,000 ರೂಪಾಯಿ ಬಂಡವಾಳದಲ್ಲಿ, 1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಜಾತಿ ಮತ ನೋಡದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು ಅವರ ಉದ್ದೇಶ. (ಮಂಗಳೂರಿನ ಕೆನರಾ ಬ್ಯಾಂಕ್ ಬೇರೆ. ಪರೀಕ್ಷೆಯಲ್ಲಿ ಗಲಿಬಿಲಿ ಬೇಡ!) ಮೊದಲ ದಿನದ ಮೊತ್ತ 38 ರೂಪಾಯಿ 13 ಆಣೆ 2 ಪೈ. ಹನ್ನೆರಡು ಪೈಗೆ ಒಂದಾಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಆ ಎರಡು ಪೈಯನ್ನೂ ಬಿಡದೆ ಲೆಕ್ಕಕ್ಕೆ ಬರೆದಿದ್ದಾರೆ ಎಂಬುದೇ ನನಗೆ ಬಹಳ ಇಷ್ಟವಾದ ಸಂಗತಿ.

ಇಪ್ಪತ್ತು ರೂಪಾಯಿಗೆ ಮೇಲ್ಪಟ್ಟ ರಶೀದಿಗೆ ಒಂದಾಣೆ ಸ್ಟಾಂಪು ಹಚ್ಚಬೇಕೆಂಬುದು ಆಗಿನ ಕಾನೂನು. ಹಚ್ಚಿ, ಅದರ ಮೇಲೆ ಶಾಯಿಯಲ್ಲಿ ಸಹಿ ಎಳೆಯುತ್ತಿದ್ದರು. ಹೀಗೆ ಗೀಚಿದ ಚೀಟಿಯನ್ನು ಸಂಗ್ರಹಕಾರರು ಹಾಳಾದದ್ದೆಂದು ಬದಿಗಿಡುತ್ತಾರೆ. ನಾನಂತೂ ಬಿಸಾಡುವುದಿಲ್ಲ. ಅಂಚೆಯ ಮುದ್ರೆ ಬಿದ್ದ ಚೀಟಿ ಯಾರದೋ ಪತ್ರದ್ದು. ಗೀಚಿದ ಚೀಟಿ ಯಾರದೋ ದುಡ್ಡಿನ ಜವಾಬ್ದಾರಿಯದ್ದು.

ರಾಜನ ಮುಖವಿದ್ದ ಮಾತ್ರಕ್ಕೆ ಜನ ಎಲ್ಲವನ್ನೂ ಒಪ್ಪುತ್ತಿರಲಿಲ್ಲ. ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗುಲ್ಲೆದ್ದಿತು. ಮುಸ್ಲಿಮರು ಬೇಸರಪಟ್ಟರು. ಸರಕಾರ ಹಂಚಿಕೆ ನಿಲ್ಲಿಸಿ, 1912ರಲ್ಲಿ ಆನೆಯನ್ನು ತಿದ್ದಿ ಅಚ್ಚು ಹಾಕಿಸಿತು. ಅಂದು ಯಾರಿಗೂ ಬೇಡವಾದ ಆ ನಾಣ್ಯವನ್ನು ಇಂದು ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ.

ಮುಂದೆ ಖಾನ್ ಬಹದ್ದೂರ್ ಎನಿಸಿಕೊಂಡ ಸಾಹೇಬರು ಮದ್ರಾಸ್ ವಿಧಾನ ಪರಿಷತ್ತಿನಲ್ಲೂ ಕುಳಿತರು. ಹೆಂಗಸರ, ಮಕ್ಕಳ ಆಸ್ಪತ್ರೆಗೆ ಉಡುಪಿಯಲ್ಲಿ ತಮ್ಮ ಜಾಗವನ್ನೇ ದಾನವಾಗಿ ಕೊಟ್ಟರು. ಆ ಆಸ್ಪತ್ರೆಯ ಹೆಸರಿನಲ್ಲಿ ಹಾಜಿ ಅಬ್ದುಲ್ಲಾ ಎಂಬುದು ಈಗಲೂ ಉಳಿದಿದೆ. 1935ರಲ್ಲಿ ಅವರು ತೀರಿಕೊಂಡರು. ಜಾರ್ಜ್ ದೊರೆಯ ಬೆಳ್ಳಿಹಬ್ಬಕ್ಕೆಂದು ತಾಜ್‌ಮಹಲ್, ರಾಮೇಶ್ವರದ ದೇವಸ್ಥಾನ, ಅಮೃತಸರದ ಸ್ವರ್ಣಮಂದಿರಗಳ ಚಿತ್ರವಿದ್ದ ಚೀಟಿಗಳು ಬಂದದ್ದೂ ಅದೇ ವರ್ಷ.

ಅವರ ಬ್ಯಾಂಕು ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದಕ್ಕೂ ಮೊದಲೇ ಸಾಹೇಬರು ಬಾಳಿದ ಮನೆಯನ್ನು ಬ್ಯಾಂಕು ನಾಣ್ಯ ಸಂಗ್ರಹಾಲಯ ಮಾಡಿತ್ತು. ಎರಡು ಸಾವಿರ ವರ್ಷಕ್ಕೂ ಹಿಂದಿನ ನಾಣ್ಯಗಳಿಂದ ಹಿಡಿದು ಸುಲ್ತಾನರ, ಮೊಗಲರ, ಬ್ರಿಟಿಷರ ಕಾಲದವು ಅಲ್ಲಿ ಸಾಲಾಗಿ ಕುಳಿತಿವೆ. ಕಾಪು, ಕಾರ್ಕಳದಿಂದ ದಿನವೂ ಬಸ್ಸಿನಲ್ಲಿ ಬರುವ ನಾವು ಉಡುಪಿಯಲ್ಲಿ ಇಳಿದು ನೋಡಬಹುದು. ಹೋಗುವಾಗ ಆಲ್ಬಮ್ಮಿನ ಎಡ್ವರ್ಡ್ ಚೀಟಿಯನ್ನೂ ಒಯ್ಯಿರಿ, ಎರಡೂ ಮುಖಗಳನ್ನು ಪಕ್ಕದಲ್ಲಿಟ್ಟು ನೋಡಬಹುದು.