ಬಾಲವನದ ಕಾರಂತರು

ನಮ್ಮಲ್ಲಿ ಅನೇಕರ ಹುಟ್ಟೂರಿಗೆ ನೆರೆಯಾದ ಕೋಟದಲ್ಲಿ ಶಿವರಾಮ ಕಾರಂತರು 1902ರ ಅಕ್ಟೋಬರ್ 10ರಂದು ಜನಿಸಿದರು. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದ ಅವರಿಗೆ ಪದವಿ ದೊರೆಯಲಿಲ್ಲ. ವಿದ್ಯೆಗೆ ಮಾತ್ರ ಕೊರತೆಯಾಗಲಿಲ್ಲ.

ಮಕ್ಕಳು ಪುಸ್ತಕದಿಂದಷ್ಟೇ ಅಲ್ಲದೆ ಕಣ್ಣಿನಿಂದಲೂ ಕೈಯಿಂದಲೂ ಕಲಿಯಬೇಕೆಂಬುದು ಅವರ ಮತವಾಗಿತ್ತು. ಅದಕ್ಕಾಗಿಯೇ ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನವನ್ನು ನಿರ್ಮಿಸಿದರು. ಅಲ್ಲಿ ಮರಗಳ ನಡುವೆ ಮಕ್ಕಳು ಚಿತ್ರ ಬರೆದರು, ಕುಣಿದರು, ನಾಟಕವಾಡಿದರು. ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ಅವರು ಮಕ್ಕಳಿಗೆಂದೇ ಬರೆದರು.

ಕಾಡಿನ ಜನರ ಬದುಕನ್ನು ಅವರು ಆದರದಿಂದ ಅರಿತರು. ಘಟ್ಟದ ಮಲೆಕುಡಿಯರ ಬೇಟೆ, ನಂಬಿಕೆ, ಒಡೆಯರ ಕೈಕೆಳಗಿನ ಬವಣೆಗಳನ್ನು 1951ರ ‘ಕುಡಿಯರ ಕೂಸು’ ಕಾದಂಬರಿಯಲ್ಲಿ ಚಿತ್ರಿಸಿದರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, ‘ಮೂಕಜ್ಜಿಯ ಕನಸುಗಳು’ ಕೃತಿಗೆ 1977ರ ಜ್ಞಾನಪೀಠವೂ ಸಂದವು. ಇಳಿವಯಸ್ಸಿನಲ್ಲಿಯೂ ಕೈಗಾದ ಕಾಡನ್ನುಳಿಸಲು ಹೋರಾಡಿದ ಅವರು 1997ರ ಡಿಸೆಂಬರ್ 9ರಂದು ಕಾಲವಶರಾದರು.

ತ್ರಿಪ್ಲಿಕೇನಿನ ಬೀದಿಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕಾಡೂ ದೂರ, ಬಯಲಾಟವೂ ದೂರ. ರಜೆಯಲ್ಲಿ ಊರಿಗೆ ಹೋದಾಗ ಬಂಧುಗಳ ಮನೆಗಳನ್ನು ಸುತ್ತಿದ ಮೇಲೆ ಒಂದು ದಿನವನ್ನು ಪುತ್ತೂರಿಗೆ ಮೀಸಲಿಡುವುದು ಲೇಸು. ಕಾರಂತರು ಬಾಳಿದ ಬಾಲವನವನ್ನು ಮಕ್ಕಳು ತಮ್ಮ ಕಣ್ಣಿನಿಂದಲೇ ನೋಡಲಿ.