ಪೇಂಟ್ ಕಂಪನಿಯ ಎಣ್ಣೆ ಟ್ಯಾಂಕು ಮತ್ತು ಪರ್ಸಿ ಜೂಲಿಯನ್

ಸ್ಟೀರಾಯ್ಡ್ ಅಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಜಿಮ್ ನೆನಪಾಗುತ್ತೆ, ಇನ್ನು ಕೆಲವರಿಗೆ ಕೊರೊನಾ ಕಾಲದಲ್ಲಿ ಕೇಳಿದ ಡೆಕ್ಸಾಮೆಥಾಸೋನ್. ಸರಸ್ವತಿ ನಗರದ ಯಾವುದೇ ಮೆಡಿಕಲ್ ಶಾಪಿಗೆ ಹೋದರೂ ಈ ಗುಂಪಿನ ಮಾತ್ರೆ, ಮುಲಾಮು, ಇನ್‌ಹೇಲರ್ ಸಿಗುತ್ತೆ. ಕೆಲವು ಮಾತ್ರೆಗಳ ಬೆಲೆ ಒಂದು ಟೀಗಿಂತ ಕಡಿಮೆ. ಆದರೆ 1949ರಲ್ಲಿ ಇದೇ ಗುಂಪಿನ ಕಾರ್ಟಿಸೋನ್ ಗ್ರಾಮಿಗೆ ಸುಮಾರು 200 ಡಾಲರ್ ಇತ್ತು. ಸಂಧಿವಾತದಿಂದ ಹಾಸಿಗೆ ಹಿಡಿದವರು ಎದ್ದು ಓಡಾಡಿದ್ದನ್ನು ಡಾಕ್ಟರುಗಳು ಕಣ್ಣಾರೆ ಕಂಡಿದ್ದರು, ಎಲ್ಲರಿಗೂ ಕೊಡೋಣ ಅಂದರೆ ಔಷಧಿಯೇ ಇರಲಿಲ್ಲ. ಆ ಕೊರತೆ ನೀಗಿಸಲು ದುಡಿದವರಲ್ಲಿ ಪರ್ಸಿ ಲ್ಯಾವನ್ ಜೂಲಿಯನ್ ಒಬ್ಬರು. ಇವರು ಡಾಕ್ಟರ್ ಅಲ್ಲ, ಕೆಮಿಸ್ಟ್. ಕೆಲಸ ಮಾಡಿದ್ದು ಒಂದು ಪೇಂಟ್ ಕಂಪನಿಯಲ್ಲಿ!

ಜೂಲಿಯನ್ ಹುಟ್ಟಿದ್ದು 1899ರ ಏಪ್ರಿಲ್ 11ರಂದು, ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ. ಅಜ್ಜ ಗುಲಾಮರಾಗಿದ್ದವರು, ಅಪ್ಪ ರೈಲ್ವೆ ಅಂಚೆಯಲ್ಲಿ ಗುಮಾಸ್ತ, ಅಮ್ಮ ಟೀಚರ್. ಕಪ್ಪು ಮಕ್ಕಳಿಗೆ ಅಲ್ಲಿ ಸರಿಯಾದ ಹೈಸ್ಕೂಲೇ ಇರಲಿಲ್ಲ. 1916ರಲ್ಲಿ ಇಂಡಿಯಾನಾದ ಡಿಪಾ ವಿಶ್ವವಿದ್ಯಾಲಯ ಸೇರಿದಾಗ ಡಿಗ್ರಿ ಕ್ಲಾಸಿನ ಜೊತೆಗೆ ಹೈಸ್ಕೂಲ್ ಪಾಠಗಳನ್ನೂ ಓದಬೇಕಾಯ್ತು. ಹಾಸ್ಟೆಲಿನಲ್ಲಿ ಜಾಗ ಕೊಡಲಿಲ್ಲ. ಬಿಳಿ ಹುಡುಗರ ಮೆಸ್ಸಿನಲ್ಲಿ ಊಟ ಬಡಿಸಿ, ಅವರ ಮನೆ ಬೆಚ್ಚಗಿಡೋ ಒಲೆಗೆ ಬೆಂಕಿ ಹಾಕಿ, ಅದೇ ಕಟ್ಟಡದ ಅಟ್ಟದ ಮೇಲೆ ಮಲಗಿ ಓದಿದರು. 1920ರಲ್ಲಿ ಇಡೀ ಬ್ಯಾಚಿಗೇ ಮೊದಲಿಗರಾಗಿ ಪಾಸಾದರು.

ಹಾರ್ವರ್ಡ್‌ನಲ್ಲಿ 1923ರಲ್ಲಿ ಮಾಸ್ಟರ್ಸ್ ಆಯ್ತು. ಆದರೆ ಬಿಳಿ ವಿದ್ಯಾರ್ಥಿಗಳು ಕಪ್ಪು ಮೇಷ್ಟ್ರನ್ನು ಒಪ್ಪಲ್ಲ ಅನ್ನೋ ಕಾರಣಕ್ಕೆ ಪಾಠ ಮಾಡೋ ಅವಕಾಶ ಸಿಗಲಿಲ್ಲ, ಪಿಎಚ್‌ಡಿಯೂ ಅಲ್ಲಿ ಆಗಲಿಲ್ಲ. ಅದನ್ನು ಮುಗಿಸಿದ್ದು 1931ರಲ್ಲಿ, ವಿಯೆನ್ನಾದಲ್ಲಿ. ವಾಪಸ್ ಡಿಪಾಗೆ ಬಂದು, ಗೆಳೆಯ ಜೋಸೆಫ್ ಪಿಕ್ಲ್ ಜೊತೆ ಸೇರಿ 1935ರಲ್ಲಿ ಫೈಸೊಸ್ಟಿಗ್ಮಿನ್ ಅನ್ನೋ ಗ್ಲಾಕೋಮಾ ಔಷಧಿಯನ್ನು ಲ್ಯಾಬಿನಲ್ಲೇ ತಯಾರಿಸಿದರು. ಅದೇ ಕೆಲಸದಲ್ಲಿ ತೊಡಗಿದ್ದ ಆಕ್ಸ್‌ಫರ್ಡ್‌ನ ದೊಡ್ಡ ವಿಜ್ಞಾನಿ ರಾಬರ್ಟ್ ರಾಬಿನ್ಸನ್ ತಪ್ಪು, ತಾವು ಸರಿ ಅಂತ ಧೈರ್ಯವಾಗಿ ಪ್ರಕಟಿಸಿ, ಗೆದ್ದರು. ಆದರೂ ಪ್ರೊಫೆಸರ್ ಹುದ್ದೆ ಸಿಗಲಿಲ್ಲ. ವಿಸ್ಕಾನ್ಸಿನ್‌ನ ಆಪಲ್‌ಟನ್‌ನಲ್ಲಿದ್ದ ಪೇಪರ್ ಸಂಶೋಧನಾ ಸಂಸ್ಥೆಗೆ ಇವರು ಬೇಕಿತ್ತು, ಆದರೆ ಆ ಊರಲ್ಲಿ ಕಪ್ಪು ಜನ ರಾತ್ರಿ ತಂಗುವ ಹಾಗೇ ಇರಲಿಲ್ಲ.

1936ರಲ್ಲಿ ಗ್ಲಿಡನ್ ಕಂಪನಿ ಇವರನ್ನು ಚಿಕಾಗೋದಲ್ಲಿದ್ದ ತನ್ನ ಸೋಯಾ ವಿಭಾಗದ ಸಂಶೋಧನಾ ನಿರ್ದೇಶಕರನ್ನಾಗಿ ತಗೊಂಡಿತು. ಅಲ್ಲಿ ಒಂದು ದಿನ ಶುದ್ಧ ಮಾಡಿಟ್ಟ ಸೋಯಾ ಎಣ್ಣೆಯ ದೊಡ್ಡ ಟ್ಯಾಂಕಿಗೆ ನೀರು ಸೋರಿತು. ಎಣ್ಣೆ ಕೆಟ್ಟಿತು, ತಳದಲ್ಲಿ ಬಿಳಿ ಗಸಿ ಕೂತಿತು. ಬೇರೆ ಯಾರಾಗಿದ್ರೂ ಟ್ಯಾಂಕ್ ತೊಳೆಸಿ ಸುಮ್ಮನಾಗುತ್ತಿದ್ದರು. ಜೂಲಿಯನ್ ಮಾತ್ರ ಅಂಥ ಬಿಳಿ ಹರಳುಗಳನ್ನು ಫೈಸೊಸ್ಟಿಗ್ಮಿನ್ ಕೊಡುವ ಕಾಳಿನ ಎಣ್ಣೆಯಲ್ಲಿ ಮೊದಲೇ ಕಂಡಿದ್ದರು. ಅದು ಸ್ಟಿಗ್ಮಾಸ್ಟೆರಾಲ್, ಗಿಡಗಳಲ್ಲಿರುವ ಸ್ಟೀರಾಯ್ಡ್. ಅದರಿಂದ ಪ್ರೊಜೆಸ್ಟರಾನ್ ಹಾರ್ಮೋನನ್ನು ಗ್ರಾಮ್ ಲೆಕ್ಕದಲ್ಲಲ್ಲ, ಪೌಂಡ್ ಲೆಕ್ಕದಲ್ಲಿ ತಯಾರಿಸುವ ವಿಧಾನ ಕಟ್ಟಿದರು. ಗರ್ಭಪಾತ ತಡೆಯಲು ಡಾಕ್ಟರುಗಳು ಬಳಸುತ್ತಿದ್ದ ಹಾರ್ಮೋನು ಅದು.

ಈ ಹಾರ್ಮೋನುಗಳು ದೇಹದೊಳಗೆ ಏನು ಮಾಡುತ್ತವೆ ಅಂತ ಇಲ್ಲಿ ಸ್ವಲ್ಪ ನೋಡೋಣ. ಅಡ್ರಿನಲಿನ್ ಥರದ ಹಾರ್ಮೋನು ಜೀವಕೋಶದ ಒಳಗೆ ಹೋಗಲ್ಲ. ಹೊರಗೆ ನಿಂತು ಕಾಲಿಂಗ್ ಬೆಲ್ ಒತ್ತುತ್ತೆ, ಒಳಗೆ ಸೈಕ್ಲಿಕ್ ಎಎಂಪಿ ಅನ್ನೋ ಅಣು ಆ ಸುದ್ದಿಯನ್ನು ಮುಂದಕ್ಕೆ ಸಾಗಿಸುತ್ತೆ. ಸ್ಟೀರಾಯ್ಡ್ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗುವಂಥದ್ದು, ಕೋಶದ ಪೊರೆಯೂ ಕೊಬ್ಬಿನದ್ದೇ, ಹಾಗಾಗಿ ಸೀದಾ ಒಳಗೆ ಬರುತ್ತೆ. ಕಾರ್ಟಿಸೋನನ್ನೇ ತಗೊಳ್ಳಿ. ದೇಹದಲ್ಲಿ ಅದು ಕಾರ್ಟಿಸಾಲ್ ಆಗಿ ಬದಲಾಗುತ್ತೆ. ಕೋಶದೊಳಗೆ ಕಾದು ಕೂತಿರೋ ರಿಸೆಪ್ಟರ್ ಎಂಬ ಪ್ರೋಟೀನು ಅದನ್ನು ಹಿಡಿದುಕೊಂಡು ನ್ಯೂಕ್ಲಿಯಸ್ಸಿಗೆ ಹೋಗಿ, ಡಿಎನ್‌ಎ ಮೇಲೆ ಗೊತ್ತಾದ ಜಾಗಗಳಲ್ಲಿ ಕೂರುತ್ತೆ. ಕೆಲವು ಜೀನ್‌ಗಳು ಆನ್ ಆಗುತ್ತವೆ, ಊತ ತರುವ ಜೀನ್‌ಗಳು ತಣ್ಣಗಾಗುತ್ತವೆ. ಜೀನ್ ಓದಿ, ಪ್ರೋಟೀನ್ ತಯಾರಾಗೋಕೆ ಹೊತ್ತು ಬೇಕು, ಅದಕ್ಕೇ ಇದರ ಪೂರ್ತಿ ಪರಿಣಾಮ ಕಾಣೋಕೆ ಗಂಟೆಗಳು ಬೇಕು. ಮುಟ್ಟೋದು ಒಂದೆರಡು ಜೀನ್‌ಗಳನ್ನಲ್ಲ. ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರೋದು, ಮೂಳೆ ಸವೆಯೋದು ಅದಕ್ಕೇ.

ಪ್ರೊಜೆಸ್ಟರಾನ್, ಟೆಸ್ಟೊಸ್ಟೆರಾನ್, ಕಾರ್ಟಿಸಾಲ್ ಎಲ್ಲವುದರ ಚೌಕಟ್ಟು ಒಂದೇ, ನಾಲ್ಕು ಉಂಗುರಗಳದ್ದು. ಅಂಚಿನಲ್ಲಿ ಒಂದೆರಡು ಪರಮಾಣು ಆಚೀಚೆ ಆದರೆ ಸಾಕು, ಹಿಡಿಯೋ ರಿಸೆಪ್ಟರೂ ಬೇರೆ, ಏಳೋ ಜೀನೂ ಬೇರೆ. ಕಾರ್ಟಿಸೋನಿನ ಕಷ್ಟ ಇದ್ದಿದ್ದೂ ಅಲ್ಲೇ: 11ನೇ ಇಂಗಾಲದ ಮೇಲೆ ಒಂದು ಆಮ್ಲಜನಕ ಕೂರಿಸೋದು. ದನದ ಪಿತ್ತರಸದಿಂದ ಶುರುಮಾಡಿ ಮೂವತ್ತಕ್ಕೂ ಹೆಚ್ಚು ಹಂತ ದಾಟಬೇಕಿತ್ತು. 1949ರಲ್ಲಿ ಜೂಲಿಯನ್ ಆ ಒಂದು ಆಮ್ಲಜನಕ ಮಾತ್ರ ಕಡಿಮೆ ಇರುವ ಕಾಂಪೌಂಡ್ ಎಸ್ ಅನ್ನು ಅಗ್ಗವಾಗಿ ತಯಾರಿಸುವ ದಾರಿ ತೋರಿಸಿದರು. 1952ರಲ್ಲಿ ಅಪ್‌ಜಾನ್ ಕಂಪನಿಯವರು ಒಂದು ಬೂಸ್ಟು ಆ ಜಾಗಕ್ಕೆ ಆಮ್ಲಜನಕ ಸೇರಿಸುತ್ತೆ ಅಂತ ಪ್ರಕಟಿಸಿದರು. ಮೆಕ್ಸಿಕೋದಲ್ಲಿ ರಸೆಲ್ ಮಾರ್ಕರ್ ಕಾಡುಗೆಣಸಿನಿಂದ ಪ್ರೊಜೆಸ್ಟರಾನ್ ತೆಗೆದಿದ್ದರು. ಇಷ್ಟೂ ಜನರ ಕೆಲಸ ಕೂಡಿ ಬೆಲೆ ಇಳಿಯಿತು.

ಇಷ್ಟೆಲ್ಲ ಮಾಡಿದ ಮನುಷ್ಯ 1950ರಲ್ಲಿ ಚಿಕಾಗೋ ಪಕ್ಕದ ಓಕ್ ಪಾರ್ಕಿನಲ್ಲಿ ಮನೆ ಕೊಂಡರು. ವಾಸಕ್ಕೆ ಬರೋ ಮೊದಲೇ ಯಾರೋ ಬೆಂಕಿ ಹಚ್ಚಲು ನೋಡಿದರು. 1951ರ ಜೂನ್‌ನಲ್ಲಿ ಮಕ್ಕಳು ಮನೆಯಲ್ಲಿದ್ದಾಗಲೇ ಡೈನಮೈಟ್ ಎಸೆದರು. ಹಗಲು ಲ್ಯಾಬ್ ನಡೆಸುತ್ತಿದ್ದ ಜೂಲಿಯನ್ ರಾತ್ರಿ ಮಗನನ್ನು ಪಕ್ಕ ಕೂರಿಸಿಕೊಂಡು ಬಂದೂಕು ಹಿಡಿದು ಮನೆ ಕಾದರು. ಊರು ಬಿಡಲಿಲ್ಲ. ಇದು ದೂರದ ಅಮೆರಿಕದ ಮಾತು ಅಂತ ನಾವು ಓದಿ ಮುಂದೆ ಹೋಗೋ ಹಾಗಿಲ್ಲ. ರೂಮು ಬಾಡಿಗೆಗೆ ಕೇಳಿದಾಗ ಮೊದಲು ಯಾವ ಜನ ಅಂತ ವಿಚಾರಿಸೋದು ನಮ್ಮ ಕಡೆಯೂ ಹೊಸದಲ್ಲ. ಆ ಪ್ರಶ್ನೆಗೆ ಉತ್ತರ ಹೇಳಿ ವಾಪಸ್ ಬಂದ ಗೆಳೆಯರು ನಮ್ಮ ಕ್ಲಾಸುಗಳಲ್ಲೇ ಇದ್ದಾರೆ.

ಗ್ಲಿಡನ್ ಬಿಟ್ಟ ಮೇಲೆ ಜೂಲಿಯನ್ ಸ್ವಂತ ಲ್ಯಾಬ್ ಕಟ್ಟಿದರು. ಬೇರೆಡೆ ಕೆಲಸ ಸಿಗದ ಕಪ್ಪು ಕೆಮಿಸ್ಟುಗಳನ್ನು ಕರೆದು ಕೆಲಸ ಕೊಟ್ಟರು. 1961ರಲ್ಲಿ ಆ ಕಂಪನಿಯನ್ನು 20 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಿದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇವರನ್ನು ಸೇರಿಸಿಕೊಂಡಿದ್ದು 1973ರಲ್ಲಿ, ಆಗ ಅವರಿಗೆ 74 ವರ್ಷ. 1975ರ ಏಪ್ರಿಲ್ 19ರಂದು ತೀರಿಕೊಂಡರು.

ಜೂಲಿಯನ್ ಸ್ಟೀರಾಯ್ಡ್ ತಯಾರಿಸುತ್ತಿದ್ದ ಕಾಲದಲ್ಲಿ ಅದು ಕೋಶದೊಳಗೆ ಯಾರನ್ನು ಭೇಟಿಯಾಗುತ್ತೆ ಅನ್ನೋದು ತಿಳಿದಿರಲಿಲ್ಲ. ಅದೇ ಚಿಕಾಗೋದಲ್ಲಿ 1950ರ ದಶಕದ ಕೊನೆಗೆ ಎಲ್ವುಡ್ ಜೆನ್ಸನ್ ಈಸ್ಟ್ರೊಜೆನ್ ರಿಸೆಪ್ಟರಿನ ಜಾಡು ಹಿಡಿದರು. ಕಾರ್ಟಿಸಾಲ್ ರಿಸೆಪ್ಟರಿನ ಜೀನ್ ಪೂರ್ತಿ ಓದಿದ್ದು 1985ರಲ್ಲಿ, ಜೂಲಿಯನ್ ಹೋಗಿ ಹತ್ತು ವರ್ಷದ ಮೇಲೆ. ಪೂರ್ತಿ ತಿಳುವಳಿಕೆ ಬರೋವರೆಗೂ ರೋಗಿಗಳು ಕಾಯೋಕಾಗಲ್ಲ. ಅಷ್ಟರಲ್ಲಿ ಯಾರಾದರೂ ಟ್ಯಾಂಕು, ಪೈಪು, ಹಂತ, ಖರ್ಚು ಇವುಗಳ ಲೆಕ್ಕ ಹಾಕಿ ಔಷಧಿಯನ್ನು ಜನರ ಕೈಗೆ ಮುಟ್ಟಿಸಬೇಕು. ಎಂಜಿನಿಯರಿಂಗ್ ಓದುವ ನಮ್ಮ ಪಾಲಿಗೆ ಬರೋ ಕೆಲಸ ಅದು. ಮುಂದೆ ಲ್ಯಾಬಿನಲ್ಲಿ ಏನಾದರೂ ಕೆಟ್ಟು ತಳದಲ್ಲಿ ಗಸಿ ಕೂತರೆ, ಚೆಲ್ಲೋ ಮೊದಲು ಒಂದು ಸಲ ಅದೇನು ಅಂತ ನೋಡೋಣ.