ವಚನಗಳನ್ನು ಮನೆಮನೆಗೆ ತಲುಪಿಸಿದ ಹಳಕಟ್ಟಿಯವರು

ಯುರೋಪಿನ ಇತಿಹಾಸದ ಪಾಠಕ್ಕಾಗಿ ಈ ವರ್ಷ ನಾನು ಥಾಮಸ್ ಅಕ್ವಿನಾಸನನ್ನು ಓದಬೇಕಾಯಿತು. 13ನೆಯ ಶತಮಾನದಲ್ಲಿ ಅವನು ಲ್ಯಾಟಿನ್ ಭಾಷೆಯಲ್ಲಿ ಬರೆದ ದೈವಶಾಸ್ತ್ರ ಗ್ರಂಥದ ಇಂಗ್ಲಿಷ್ ಅನುವಾದವು ಪಿ.ಜೆ. ಬಡಾವಣೆಯ ನನ್ನ ಬಾಡಿಗೆ ಕೋಣೆಯಲ್ಲಿ, ಮೊಬೈಲಿನಲ್ಲಿ, ಕಾಸು ಖರ್ಚಿಲ್ಲದೆ ದೊರೆಯಿತು. ಅದಕ್ಕಿಂತ ಒಂದು ಶತಮಾನ ಹಿಂದಿನ ನಮ್ಮ ಶರಣರ ವಚನಗಳೂ ಇಂದು ಹಾಗೆಯೇ ದೊರೆಯುತ್ತವೆ. ಇದಕ್ಕೆ ಮೊದಲು ದುಡಿದವರು ಯಾರೆಂದು ಯೋಚಿಸಿದಾಗ ನೆನಪಾದವರು ಫ.ಗು. ಹಳಕಟ್ಟಿಯವರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆಯವರು ಶಿಕ್ಷಕರು. ಮುಂಬಯಿಯಲ್ಲಿ ಬಿ.ಎ. ಹಾಗೂ ಕಾನೂನು ಪದವಿಗಳನ್ನು ಪಡೆದು, ಇಂದು ವಿಜಯಪುರವೆನಿಸಿರುವ ವಿಜಾಪುರದಲ್ಲಿ ವಕೀಲಿ ನಡೆಸಿದರು. ಆಗ ಬಹುಪಾಲು ವಚನಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಳೆಗರಿಯ ಕಟ್ಟುಗಳಾಗಿ ಉಳಿದಿದ್ದುವು. ಪೂಜಿಸುವವರಿದ್ದರು, ಓದುವವರು ವಿರಳ. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಸಂಗ್ರಹಿಸಿದರು. ಓದಿದರು, ನಕಲು ಮಾಡಿದರು, ವಿಷಯವಾರು ಜೋಡಿಸಿದರು. 1922ರಲ್ಲಿ ಬಸವಣ್ಣನವರ ವಚನಗಳಿಗೆ ಅವರು ಮಾಡಿದ ಇಂಗ್ಲಿಷ್ ಅನುವಾದವು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟವಾಯಿತು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು.

ಅಚ್ಚಿನ ಕೆಲಸಕ್ಕೆ ಪರರನ್ನು ಕಾಯುತ್ತ ಕೂಡುವುದು ಅವರಿಗೆ ಒಗ್ಗಲಿಲ್ಲ. ಇದ್ದ ಮನೆಯನ್ನೇ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹರಿಹರನ ರಗಳೆಗಳನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಗೌರವ ಬಂದರೂ ಸಿರಿ ಬರಲಿಲ್ಲ. ಮನೆ ಮಾರಿದ ಆ ವಕೀಲರು ಬಾಡಿಗೆ ಮನೆಯಲ್ಲಿಯೇ ಬಾಳಿ, 1964ರ ಜೂನ್ 29ರಂದು ಲಿಂಗೈಕ್ಯರಾದರು.

ನಮ್ಮ ಕಾನೂನಿನಂತೆ ಲೇಖಕರು ತೀರಿದ 60 ವರ್ಷಗಳ ತರುವಾಯ ಅವರ ಕೃತಿಗಳು ಎಲ್ಲರ ಸ್ವತ್ತಾಗುತ್ತವೆ. ಆದುದರಿಂದ 2025ರ ಜನವರಿ 1ರಿಂದ ಹಳಕಟ್ಟಿಯವರ ಬರಹವನ್ನು ಯಾರೂ ಅಚ್ಚು ಹಾಕಬಹುದು, ಹಂಚಬಹುದು. ಅವರು ಬದುಕಿದ್ದಾಗಲೇ ಬಯಸಿದ್ದು ಇದನ್ನಲ್ಲವೆ?

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಜ್ಜಿಗೆ ಅಕ್ಷರ ಬಾರದು. ಕಳೆದ ರಜೆಯಲ್ಲಿ ನಾನು ವಚನವೊಂದನ್ನು ಓದತೊಡಗಿದಾಗ, ಉಳಿದುದನ್ನು ಅವಳೇ ಹೇಳಿ ಮುಗಿಸಿದಳು. ಬಾಯಲ್ಲಿದ್ದುದೂ ಗರಿಯಲ್ಲಿದ್ದುದೂ ಒಂದೇ ಎಂಬುದು ಆಗ ನನಗೆ ತಿಳಿಯಿತು. ಮಿತ್ರರೇ, ಮನೆ ಮಾರಿ ಒಬ್ಬರು ನಮಗಾಗಿ ಉಳಿಸಿಕೊಟ್ಟ ಮಾತುಗಳಿವು. ಓದದೆ ಬಿಟ್ಟರೆ ಮತ್ತೆ ಗರಿಯ ಕಟ್ಟುಗಳಂತೆಯೇ ಉಳಿದಾವು.